ಹುಡುಗರನ್ನು ಹೊರಗೆ ಕಳಿಸಬೇಡಿ

ಹಾಸನ ಜಿಲ್ಲೆಯ ಹೈಸ್ಕೂಲುಗಳ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಸಕಲೇಶಪುರ, ಆಲೂರು, ಬೇಲೂರು ಕಡೆಯ ಹೈಸ್ಕೂಲುಗಳಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಕಲಿಸುತ್ತಿದ್ದೇನೆ. ಒಂಬತ್ತನೇ ತರಗತಿ ಓದುವ ಮಗನಿದ್ದಾನೆ. ಹೆಣ್ಣುಮಕ್ಕಳ ಆರೋಗ್ಯದ ಮಾತು ಬಂದಾಗ ಹುಡುಗರನ್ನು ಹೊರಗೆ ಕಳಿಸುವ ರೂಢಿಯ ಬಗ್ಗೆ ಈ ಪತ್ರ. ಯಾವುದೋ ಒಂದು ಶಾಲೆಯ ಮೇಲೆ ದೂರು ಹೇಳಲು ಬರೆಯುತ್ತಿಲ್ಲ. ನಾನು ಕಂಡದ್ದು ಒಂದೇ ಶಾಲೆಯ ಕಥೆ ಆಗಿದ್ದರೆ ಅಲ್ಲಿಯ ಹೆಡ್‌ಮಾಸ್ಟರ ಹತ್ತಿರವೇ ಹೇಳಿ ಮುಗಿಸುತ್ತಿದ್ದೆ. ಹಾಗಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಕಳೆದ ಆಷಾಢದ ಒಂದು ಮಧ್ಯಾಹ್ನ. ಬೆಳಿಗ್ಗೆಯಿಂದ ಬಿಡದೆ ಜಡಿಮಳೆ. ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಹೇಳಲು ಆರೋಗ್ಯ ಕೇಂದ್ರದಿಂದ ಒಬ್ಬ ಮೇಡಂ ಬಂದಿದ್ದರು. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಯ ಹುಡುಗಿಯರನ್ನು ದೊಡ್ಡ ಕೊಠಡಿಯಲ್ಲಿ ಕೂರಿಸಿದೆವು. ಹುಡುಗರನ್ನು ಹೊರಗೆ ಕಳಿಸಿದೆವು. ಮೈದಾನದ ತುಂಬಾ ಕೆಸರು. ಅವರೆಲ್ಲ ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಒತ್ತೊತ್ತಾಗಿ ನಿಂತರು. ಇಬ್ಬರು ಕಿಟಕಿ ಹತ್ತಿರ ಬಂದು ಇಣುಕಿದರು. ನಾನೇ ಎದ್ದು ಹೋಗಿ ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಆ ಚಿಲಕ ಹಾಕಿದ್ದು ಇವತ್ತಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಮುಕ್ಕಾಲು ಗಂಟೆ ಆದ ಮೇಲೆ ಹುಡುಗಿಯರು ಹೊರಗೆ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಪ್ಯಾಡ್ ಪ್ಯಾಕೆಟ್. ಅದಕ್ಕೆ ಪೇಪರ್ ಸುತ್ತಿ, ವೇಲಿನ ಒಳಗೆ ಬಚ್ಚಿಟ್ಟುಕೊಂಡಿದ್ದರು. ಸೈಕಲ್ ಸ್ಟ್ಯಾಂಡಿನಿಂದ ಒಬ್ಬ ಕೂಗಿದ: "ಏನೇ ಅದು, ಬ್ರೆಡ್ಡಾ?" ಉಳಿದವರು ನಕ್ಕರು. ಎಂಟನೇ ತರಗತಿಯ ಒಬ್ಬಳು ಪ್ಯಾಕೆಟ್ಟನ್ನು ಹೊಟ್ಟೆಗೆ ಒತ್ತಿಕೊಂಡು ತಲೆ ತಗ್ಗಿಸಿ ಓಡಿದಳು. ಮಳೆಗೆ ಪೇಪರ್ ನೆನೆದು ಹರಿಯಿತು. ಪ್ಯಾಕೆಟ್ ಕೆಸರಿಗೆ ಬಿತ್ತು. ಅವಳು ತಿರುಗಿಯೂ ನೋಡಲಿಲ್ಲ. ಸರ್ಕಾರ ಶುಚಿ ಯೋಜನೆಯಲ್ಲಿ ದುಡ್ಡು ಕೊಟ್ಟು ಕೊಂಡು, ಲಾರಿಯಲ್ಲಿ ಕಳಿಸಿದ ಪ್ಯಾಡು ಅಂಗಳದ ನೀರಲ್ಲಿ ತೇಲುತ್ತಿತ್ತು.

ಆ ಹುಡುಗನನ್ನು ಕರೆದು ಬೈದೆ. "ನಮಗೆ ಗೊತ್ತಿಲ್ಲ ಮಿಸ್, ಅದಕ್ಕೇ ಕೇಳಿದ್ದು" ಅಂದ. ಅದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಆ ಅರ್ಧ ನಿಜಕ್ಕೆ ಹೊಣೆ ನಾವು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಇದನ್ನು ಹೇಳಿದೆ. ಅವನು ಬೇರೆ ಶಾಲೆಯಲ್ಲಿ ಓದುತ್ತಾನೆ. "ನಮ್ ಸ್ಕೂಲಲ್ಲೂ ಹಂಗೇ ಅಮ್ಮ. ಅವರಿಗೆ ಏನೋ ಹೇಳ್ತಾರೆ, ನಮಗೆ ಬಾಲ್ ಕೊಡ್ತಾರೆ" ಅಂದ. ಮತ್ತೆ ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ತಟ್ಟೆ ನೋಡಿಕೊಂಡೇ, "ಮೊಬೈಲಲ್ಲಿ" ಅಂದ.

ಮಾನ್ಯರೇ, ನಮ್ಮ ಅಜ್ಜಿಯರ ಕಾಲದಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹೊರಗೆ ಕೂರಿಸುತ್ತಿದ್ದರು. ಈಗ ಮುಟ್ಟಿನ ಮಾತು ಬಂದಾಗ ಹುಡುಗರನ್ನು ಹೊರಗೆ ಕೂರಿಸುತ್ತಿದ್ದೇವೆ. ಹುಡುಗಿಗೆ ಇದು ಬಚ್ಚಿಡಬೇಕಾದ ವಿಷಯ ಅಂತ ಕಲಿಸಿದ್ದೇವೆ. ಹುಡುಗನಿಗೆ ಇದು ನಿನಗೆ ಸಂಬಂಧ ಇಲ್ಲದ್ದು, ನಗಬೇಕಾದ್ದು ಅಂತ ಕಲಿಸಿದ್ದೇವೆ. ಪಾಠ ಮಾಡದೆಯೇ ಇಷ್ಟನ್ನೂ ಕಲಿಸಿಬಿಟ್ಟೆವು.

ಪುಸ್ತಕದಲ್ಲಿ ಪಾಠ ಇಲ್ಲ ಅಂತೇನಿಲ್ಲ. ಎಂಟನೇ ತರಗತಿ ವಿಜ್ಞಾನದಲ್ಲಿ ಹದಿಹರೆಯದ ಪಾಠ ಓದಿಕೊಂಡೇ ಬಂದವರು ನಾವು. ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿ ಇದೆ, ಅನುವಂಶೀಯತೆ ಇದೆ. ಆದರೆ ಎಷ್ಟು ಕಡೆ ಅದನ್ನು ಪೂರ್ತಿ ಹೇಳುತ್ತಾರೆ? "ಇದನ್ನು ನೀವೇ ಓದ್ಕೊಳ್ಳಿ" ಅಂತ ಪುಟ ತಿರುವಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಎರಡು ಪುಟ ಹಾಗೆ ತಿರುವಿದ್ದೇನೆ.

ಆಮೇಲೆ ಒಂದು ವರ್ಷ ಧೈರ್ಯ ಮಾಡಿ ಹುಡುಗ ಹುಡುಗಿಯರನ್ನು ಒಟ್ಟಿಗೇ ಕೂರಿಸಿ ಪೂರ್ತಿ ಹೇಳಿದೆ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ವರ್ಣತಂತು. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇದ್ದರೆ ಹೆಣ್ಣು, ವೈ ಇದ್ದರೆ ಗಂಡು. ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ, ಎದ್ದು ನಿಂತ. "ಹಂಗಾದ್ರೆ ನಮ್ಮಜ್ಜಿ ನಮ್ಮಮ್ಮಂಗೆ ಬೈಯೋದು ತಪ್ಪಲ್ವಾ ಮಿಸ್? ಮೂರು ಹೆಣ್ಣು ಆದ್ಮೇಲೆ ನಾನು ಹುಟ್ಟಿದ್ದು." ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ಇದು ಅಮ್ಮನ ತಪ್ಪೂ ಅಲ್ಲ, ಅಪ್ಪನ ತಪ್ಪೂ ಅಲ್ಲ, ನಾಣ್ಯ ಚಿಮ್ಮಿದ ಹಾಗೆ ಅಂತ ಹೇಳಿದೆ. ಅವನು ಕೂತುಕೊಂಡು ಆ ನಾಲ್ಕು ಚೌಕಗಳನ್ನು ನೋಟ್ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಬರೆದುಕೊಂಡ. ಮನೆಗೆ ಹೋಗಿ ಅಜ್ಜಿಗೆ ತೋರಿಸಿದನೋ ಇಲ್ಲವೋ, ನಾನು ಕೇಳಲಿಲ್ಲ. ಆ ಪಾಠದ ದಿನ ಅವನನ್ನು ಬಾಲ್ ಕೊಟ್ಟು ಹೊರಗೆ ಕಳಿಸಿದ್ದರೆ ಈ ಪ್ರಶ್ನೆ ಎಲ್ಲಿಂದ ಬರುತ್ತಿತ್ತು?

ಗಂಡು ಹೆಣ್ಣಿನ ನಡುವೆ ವ್ಯತ್ಯಾಸವೇ ಇಲ್ಲ ಅಂತ ಹೇಳಿಕೊಡಿ ಅಂತ ನಾನು ಕೇಳುತ್ತಿಲ್ಲ. ವ್ಯತ್ಯಾಸ ಇದೆ, ಅದನ್ನು ಸರಿಯಾಗಿ ಹೇಳಿ ಅಂತ ಕೇಳುತ್ತಿದ್ದೇನೆ. ಹುಡುಗಿಯರಿಗೆ ಹದಿಹರೆಯ ಸಾಮಾನ್ಯವಾಗಿ ಒಂದೆರಡು ವರ್ಷ ಮುಂಚೆ ಬರುತ್ತದೆ. ಹುಡುಗರ ಗಂಟಲಿನ ಧ್ವನಿಪೆಟ್ಟಿಗೆ ಜಾಸ್ತಿ ಬೆಳೆದು ದನಿ ಒಡೆಯುತ್ತದೆ, ಮಾಂಸಖಂಡ ಜಾಸ್ತಿ ಕಟ್ಟುತ್ತದೆ. ಇದು ಹಾರ್ಮೋನಿನ ಕೆಲಸ. ಆದರೆ ಇಲ್ಲಿಂದ ಮುಂದೆ, ಗಂಡು ಅಂದ್ರೆ ಹಿಂಗೇ ಇರಬೇಕು, ಹೆಣ್ಣು ಅಂದ್ರೆ ಹಿಂಗೇ ಇರಬೇಕು ಅನ್ನುವುದು ಯಾವ ಹಾರ್ಮೋನೂ ಹೇಳಿದ ಮಾತಲ್ಲ. ಬಿ.ಎಡ್ ಓದುವಾಗ ಇದನ್ನು ಸಿದ್ಧಮಾದರಿ ಅಂತ ಕಲಿತಿದ್ದೆ. ಮಕ್ಕಳಿಗೆ ನಾನು ಅಚ್ಚು ಅಂತಲೇ ಹೇಳುತ್ತೇನೆ. ಆಲೆಮನೆ ನೋಡಿದವರಿಗೆ ತಕ್ಷಣ ಅರ್ಥ ಆಗುತ್ತದೆ. ಯಾವ ಗದ್ದೆಯ ಕಬ್ಬಿನ ಪಾಕ ಹೊಯ್ದರೂ ಅಚ್ಚಿನಿಂದ ಬರುವ ಬೆಲ್ಲದ ಆಕಾರ ಒಂದೇ.

ಎಂಟನೇ ತರಗತಿಯ ಗೋಡೆಯ ಮೇಲೆ ಪ್ರತಿ ವರ್ಷ ಮಕ್ಕಳ ಎತ್ತರವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಸುತ್ತೇನೆ. ಹುಡುಗರಿಗೆ ಬಿಳಿ, ಹುಡುಗಿಯರಿಗೆ ಕೆಂಪು. ಎಂಟರಲ್ಲಿ ಎಷ್ಟೋ ಕೆಂಪು ಗೀರು ಮೇಲಿರುತ್ತವೆ. ಹತ್ತಕ್ಕೆ ಬರುವಷ್ಟರಲ್ಲಿ ಬಿಳಿ ಗೀರು ಮೇಲೆ ಹೋಗುತ್ತವೆ. ಆದರೂ ನಡುವೆ ಒಂದು ಗೇಣು ಜಾಗದಲ್ಲಿ ಬಿಳಿ ಕೆಂಪು ಎಲ್ಲಾ ಕಲಸಿಕೊಂಡಿರುತ್ತವೆ. ಒಂದು ಗೀರು ತೋರಿಸಿ ಇದು ಗಂಡೋ ಹೆಣ್ಣೋ ಬಣ್ಣ ನೋಡದೆ ಹೇಳಿ ಅಂದರೆ ಯಾರಿಂದಲೂ ಆಗುವುದಿಲ್ಲ. ಗಣಿತದಲ್ಲಿ ಸರಾಸರಿ ಕಲಿಸುತ್ತೇವಲ್ಲ, ಅದನ್ನೇ ಇಲ್ಲಿ ತೋರಿಸಬಹುದು. ಕಣ್ಣಿಗೆ ಕಾಣುವ ಎತ್ತರದಲ್ಲೇ ಇಷ್ಟು ಬೆರೆತಿರುವಾಗ ಬುದ್ಧಿ, ಸ್ವಭಾವದ ಮಾತೇನು? ಜಾನೆಟ್ ಹೈಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 2005ರಲ್ಲಿ ಇಂಥ 46 ದೊಡ್ಡ ವಿಶ್ಲೇಷಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದೂರಕ್ಕೆ, ವೇಗವಾಗಿ ಎಸೆಯುವಂಥ ಕೆಲವನ್ನು ಬಿಟ್ಟರೆ ಹೆಚ್ಚಿನ ವಿಷಯಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ತುಂಬಾ ಸಣ್ಣದು, ಇಲ್ಲವೇ ಇಲ್ಲ ಅನ್ನುವಷ್ಟು. ಅಚ್ಚು ಮಾತ್ರ ಬಹಳ ಬೇಗ ಕೂರುತ್ತದೆ. 2017ರಲ್ಲಿ ಅಲ್ಲಿಯೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಐದು ವರ್ಷದ ಹುಡುಗಿಯರು ಹುಡುಗರ ಹಾಗೆಯೇ ತಮ್ಮವರನ್ನೇ ತುಂಬಾ ಜಾಣರು ಅನ್ನುತ್ತಿದ್ದರು. ಆರು ವರ್ಷ ತುಂಬುವಷ್ಟರಲ್ಲಿ ಆ ಮಾತು ಕಡಿಮೆ ಆಗಿತ್ತು. ನಮ್ಮ ಕೈಗೆ ಮಕ್ಕಳು ಸಿಗುವುದು ಹದಿಮೂರಕ್ಕೆ.

ನಮ್ಮ ಸೀಮೆಯದೇ ಒಂದು ಉದಾಹರಣೆ ಕೊಡುತ್ತೇನೆ. ಕಾಫಿ ಹಣ್ಣು ಕುಯ್ಯುವುದು ಹೆಂಗಸರು, ಮರಗಸಿ, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಮಾಡುವುದು ಗಂಡಸರು. ಯಾಕೆ ಅಂತ ತರಗತಿಯಲ್ಲಿ ಕೇಳಿದೆ. "ಹೆಂಗಸರ ಬೆರಳು ಸೂಕ್ಷ್ಮ ಮಿಸ್, ತೋಟದ ರೈಟ್ರು ಹೇಳ್ತಾರೆ" ಅಂದರು. ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ, "ಅಸ್ಸಾಂನಿಂದ ಬಂದಿರೋ ಗಂಡಸ್ರೂ ಕುಯ್ತಾರಲ್ಲ, ಚೀಲಗಟ್ಟಲೆ" ಅಂದ. ಎಲ್ಲರೂ ಸುಮ್ಮನಾದರು. ಅಲ್ಲಿಂದ ಹೆಣ್ಣಾಳಿನ ಕೂಲಿ, ಗಂಡಾಳಿನ ಕೂಲಿಯ ಮಾತು ಬಂತು. ಒಂದೇ ಥರದ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ ಅಂದರೆ ಮಕ್ಕಳು ನಂಬಲಿಲ್ಲ. ಶುಂಠಿ ಹೊಲದಲ್ಲಿ ಅವರ ಅಮ್ಮಂದಿರಿಗೆ ಸಿಗುವ ದುಡ್ಡು ಅವರಿಗೆ ಚೆನ್ನಾಗಿ ಗೊತ್ತು.

ಇದೆಲ್ಲಾ ಹೆಣ್ಣುಮಕ್ಕಳ ಪರ ಮಾತು ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಾಗಾದರೆ ನೀಲಿ ಮಾತ್ರೆಯ ವಿಷಯ ಕೇಳಿ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತೇವಲ್ಲ, ಅದು 10ರಿಂದ 19 ವರ್ಷದ ಹುಡುಗ ಹುಡುಗಿಯರು ಇಬ್ಬರಿಗೂ ಇರುವುದು. ಮುಟ್ಟಿನಿಂದ ಹುಡುಗಿಯರಿಗೆ ರಕ್ತಹೀನತೆಯ ಭಯ ಜಾಸ್ತಿ, ಅದು ನಿಜವಾದ ವ್ಯತ್ಯಾಸ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದ್ದರೆ, ಹುಡುಗರಲ್ಲೂ 31 ಮಂದಿಗೆ ಇದೆ. ನಮ್ಮ ಹುಡುಗರು ಏನು ಮಾಡುತ್ತಾರೆ ಗೊತ್ತಾ? "ಅದು ಹುಡುಗೀರ ಮಾತ್ರೆ" ಅಂತ ಬಾಯಲ್ಲಿಟ್ಟುಕೊಂಡು ನಲ್ಲಿ ಹತ್ತಿರ ಹೋಗಿ ಉಗಿಯುತ್ತಾರೆ. ಕೊಠಡಿ ಗುಡಿಸುವಾಗ ಬೆಂಚಿನ ಕೆಳಗೆ ಒಂದು ಹಿಡಿ ನೀಲಿ ಮಾತ್ರೆ ಸಿಕ್ಕಿದ್ದೂ ಇದೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವುದು ಬರೀ ಹುಡುಗಿಯರೇನಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ. 2024ರಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ 81.11, ಹುಡುಗರು ಶೇ 65.90. 2025ರ ಮೊದಲ ಪರೀಕ್ಷೆಯಲ್ಲಿ ಹುಡುಗಿಯರು ಶೇ 74, ಹುಡುಗರು ಶೇ 58.07. ಪ್ರತಿ ವರ್ಷ ಪತ್ರಿಕೆಯಲ್ಲಿ ಹುಡುಗಿಯರೇ ಮೇಲುಗೈ ಅಂತ ಓದಿ ಖುಷಿ ಪಡುತ್ತೇವೆ. ಹಿಂದೆ ಬಿದ್ದ ಹುಡುಗರ ಬಗ್ಗೆ "ಗಂಡು ಹುಡುಗ, ಹೆಂಗೋ ಬದುಕ್ಕೋತಾನೆ ಬಿಡಿ" ಅನ್ನುತ್ತೇವೆ. ಇದೂ ಒಂದು ಅಚ್ಚೇ ಅಲ್ವಾ? ಅವನು ಪುಸ್ತಕ ಬಿಟ್ಟು ಶುಂಠಿ ಲೋಡಿಗೆ ಹೋದಾಗ ಯಾರೂ ಮನೆಗೆ ಹೋಗಿ ವಿಚಾರಿಸುವುದಿಲ್ಲ.

ಎರಡು ವರ್ಷದ ಹಿಂದೆ ನನ್ನ ತರಗತಿಯ ಒಬ್ಬ ಹುಡುಗನ ಅಪ್ಪ ತೀರಿಕೊಂಡರು. ಹದಿಮೂರು ವರ್ಷದ ಮಗು. ಸಾವಿನ ಮನೆಗೆ ಬಂದವರೆಲ್ಲ ಅವನ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದರು: "ಇನ್ಮೇಲೆ ಮನೆಗೆ ನೀನೇ ಗಂಡಸು, ಅಳಬಾರದು ಕಣೋ." ಅವನು ಅಳಲಿಲ್ಲ. ಶಾಲೆಗೆ ವಾಪಸ್ ಬಂದ ಮೇಲೆ ಮೂರು ತಿಂಗಳು ಯಾರ ಜೊತೆಗೂ ಮಾತಾಡಲೂ ಇಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಅದಕ್ಕೆ ಕಾರಣ ಸಾವಿರ ಇರಬಹುದು. ಆದರೆ ಕಷ್ಟ ಬಂದಾಗ ಬಾಯಿ ಬಿಟ್ಟು ಹೇಳಬಾರದು ಅಂತ ಹದಿಮೂರಕ್ಕೇ ಕಲಿತವನು ನಲವತ್ತಕ್ಕೆ ಯಾರ ಹತ್ತಿರ ಹೇಳುತ್ತಾನೆ?

ನಡಿಗೆ ಮೃದುವಾಗಿದ್ದ ಹುಡುಗನನ್ನು ಹೆಣ್ಣಿಗ ಅಂತ ಕರೆದು ಕರೆದು ಶಾಲೆ ಬಿಡಿಸಿದ್ದನ್ನೂ ನಾನು ಕಂಡಿದ್ದೇನೆ. ತೃತೀಯ ಲಿಂಗಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೇ ಚಪ್ಪಾಳೆ ತಟ್ಟಿದೆವು. ಅಂಥದ್ದೇ ಒಂದು ಮಗು ನಮ್ಮ ಬೆಂಚಿನಲ್ಲಿ ಕೂತಿದ್ದಾಗ ಕಾಪಾಡಲಿಲ್ಲ.

ಇನ್ನು, ಪಾಠಕ್ಕಿಂತ ಜಾಸ್ತಿ ಕಲಿಸುವುದು ಶಾಲೆಯ ದಿನಚರಿ. ಯಾರಾದರೂ ಅತಿಥಿ ಬಂದರೆ ಟೀ ಕೊಡಲು ಹುಡುಗಿ, ಬೆಂಚು ಹೊರಲು ಹುಡುಗ. ರಂಗೋಲಿ ಹುಡುಗಿ, ಧ್ವಜಕಂಬಕ್ಕೆ ಹಗ್ಗ ಕಟ್ಟುವುದು ಹುಡುಗ. ಕಸ ಗುಡಿಸುವ ಪಟ್ಟಿಯಲ್ಲಿ ಬರೀ ಹುಡುಗಿಯರ ಹೆಸರು. ಒಮ್ಮೆ ಒಂಬತ್ತನೇ ತರಗತಿಯವರಿಗೆ, ಬೆಳಿಗ್ಗೆ ಎದ್ದಾಗಿನಿಂದ ಶಾಲೆ ಗಂಟೆ ಹೊಡೆಯುವವರೆಗೆ ಏನೇನು ಮಾಡಿದಿರಿ, ಬರೀರಿ ಅಂದೆ. ಒಬ್ಬ ಹುಡುಗಿ ಬರೆದದ್ದು ಒಂದು ಪುಟ: ಐದೂವರೆಗೆ ಎದ್ದೆ, ಬಾಗಿಲಿಗೆ ನೀರು ಹಾಕಿದೆ, ಸಗಣಿ ಬಾಚಿದೆ, ನೀರು ಹೊತ್ತೆ, ರೊಟ್ಟಿ ತಟ್ಟಿದೆ, ತಮ್ಮನಿಗೆ ಸ್ನಾನ ಮಾಡಿಸಿದೆ, ಪಾತ್ರೆ ತೊಳೆದೆ, ಬಸ್ಸಿಗೆ ಓಡಿದೆ. ಪಕ್ಕದ ಸಾಲಿನ ಹುಡುಗ ಬರೆದದ್ದು ಮೂರು ಸಾಲು: ಎದ್ದೆ, ಹಾಲು ಡೇರಿಗೆ ಹಾಕಿ ಬಂದೆ, ತಿಂಡಿ ತಿಂದು ಬಂದೆ. ಎರಡನ್ನೂ ಹೆಸರು ಹೇಳದೆ ಗಟ್ಟಿಯಾಗಿ ಓದಿದೆ. ಯಾರನ್ನೂ ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಬ್ಬ ಹುಡುಗ, "ನಮ್ಮಕ್ಕಂದೂ ಹಂಗೇ ಮಿಸ್" ಅಂದ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಅಂತ ಬಂದಿದೆ. ಆ ಲೆಕ್ಕವನ್ನು ಮಕ್ಕಳು ತಮ್ಮ ನೋಟ್ ಪುಸ್ತಕದಲ್ಲೇ ಕಂಡುಕೊಂಡರು.

ಒಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, "ಇವನ್ನೆಲ್ಲ ಹೇಳಿದ್ರೆ ಮಕ್ಕಳು ಕೆಡ್ತಾರೆ ಕಣಮ್ಮ" ಅಂದರು. ಅವರು ಕಾಳಜಿಯಿಂದಲೇ ಹೇಳಿದ್ದು. ಅವರಿಗೆ ಗೌರವದಿಂದಲೇ ಉತ್ತರ ಕೊಡುತ್ತೇನೆ. ದೇಹದ ಬಗ್ಗೆ ಸರಿಯಾದ ತಿಳಿವಳಿಕೆ ಕೊಟ್ಟರೆ ಮಕ್ಕಳು ದಾರಿ ತಪ್ಪುವುದಿಲ್ಲ ಅಂತ ಹಲವು ದೇಶಗಳ ಅಧ್ಯಯನ ನೋಡಿ 2018ರಲ್ಲಿ ಯುನೆಸ್ಕೋ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ನಾವು ಹೇಳದಿದ್ದರೆ ಮೊಬೈಲ್ ಹೇಳುತ್ತದೆ. ಅದು ಏನು ಹೇಳುತ್ತದೆ ಅಂತ ನಿಮಗೂ ಗೊತ್ತು.

ಬರೀ ಮಾತಾಡಿದರೆ ಹುಡುಗರು ಬದಲಾಗುತ್ತಾರಾ ಅಂತ ಇನ್ನು ಕೆಲವರು ಕೇಳುತ್ತಾರೆ. ಹರಿಯಾಣದ 314 ಸರ್ಕಾರಿ ಶಾಲೆಗಳ ಸುಮಾರು 14,000 ಮಕ್ಕಳನ್ನು ಇಟ್ಟುಕೊಂಡು ಒಂದು ಅಧ್ಯಯನ ನಡೆದಿದೆ. ಅರ್ಧದಷ್ಟು ಶಾಲೆಗಳಲ್ಲಿ ಏಳು, ಎಂಟನೇ ತರಗತಿಯ ಹುಡುಗ ಹುಡುಗಿಯರಿಗೆ ಸುಮಾರು ಮೂರು ವಾರಕ್ಕೊಮ್ಮೆ 45 ನಿಮಿಷ ಗಂಡು ಹೆಣ್ಣಿನ ಸಮಾನತೆಯ ಚರ್ಚೆ ಇಟ್ಟರು. ಎರಡೂವರೆ ವರ್ಷ ನಡೆಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಡುಗ ಹುಡುಗಿಯರು ಇಬ್ಬರ ಯೋಚನೆಯೂ ಬದಲಾಗಿತ್ತು. ನಡವಳಿಕೆಯ ಬದಲಾವಣೆ ಹುಡುಗರಲ್ಲೇ ಜಾಸ್ತಿ ಕಂಡಿತ್ತು. ಎರಡು ವರ್ಷ ಬಿಟ್ಟು ನೋಡಿದಾಗಲೂ ಅದು ಅಳಿಸಿ ಹೋಗಿರಲಿಲ್ಲ. ತಿಂಗಳಿಗೆ ಒಂದು ಪೀರಿಯಡ್ಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ ಖರ್ಚು.

ಆದ್ದರಿಂದ ನನ್ನ ವಿನಂತಿ ಇದು. ಆರೋಗ್ಯದ ಮೇಡಂ ಬಂದಾಗ ಮೊದಲ ಅರ್ಧ ಗಂಟೆ ಹುಡುಗ ಹುಡುಗಿಯರು ಇಬ್ಬರೂ ಒಳಗೆ ಇರಲಿ. ಹುಡುಗಿಯರಿಗೆ ತಮ್ಮದೇ ಪ್ರಶ್ನೆಗಳಿರುತ್ತವೆ, ಅದಕ್ಕೆ ಬೇರೆ ಸಮಯ ಕೊಡಿ. ಹುಡುಗರಿಗೂ ಇರುತ್ತವೆ. ಕನಸಿನಲ್ಲಿ ಒದ್ದೆಯಾದದ್ದಕ್ಕೆ ರೋಗ ಬಂತು ಅಂತ ಹೆದರಿ ಕೂತ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅವರ ಜೊತೆ ಒಬ್ಬ ಮೇಷ್ಟ್ರು ಕೂತು ಮಾತಾಡಲಿ. ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬ ಇಡಿ. ಪಠ್ಯದಲ್ಲಿರುವ ಪಾಠದ ಒಂದು ಪುಟವನ್ನೂ ಬಿಡದೆ ಮಾಡಿಸಿ. ಗುಡಿಸುವ ಪಟ್ಟಿ, ಟೀ ಕೊಡುವ ಪಟ್ಟಿ, ಬೆಂಚು ಹೊರುವ ಪಟ್ಟಿ ಎಲ್ಲದರಲ್ಲೂ ಹಾಜರಿ ಪುಸ್ತಕದ ಕ್ರಮದಲ್ಲೇ ಹೆಸರು ಬರಲಿ, ಇದಕ್ಕೆ ಯಾರ ಆದೇಶವೂ ಬೇಕಿಲ್ಲ. ಪೋಷಕರ ಸಭೆಗೆ ಅಪ್ಪಂದಿರನ್ನೂ ಕರೆಯಿರಿ.

ಬೇಲೂರಿಗೆ ಪ್ರವಾಸ ಹೋದಾಗ ಇನ್ನೊಂದು ಕೆಲಸ ಮಾಡಿ. ಎಲ್ಲರೂ ದರ್ಪಣ ಸುಂದರಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅದೇ ಸೂರಿನ ಕೆಳಗೆ ಬಿಲ್ಲು ಹಿಡಿದು ಬೇಟೆಗೆ ಹೊರಟ ಮದನಿಕೆಯೂ ಇದ್ದಾಳೆ, ವಾದ್ಯ ಬಾರಿಸುವವಳೂ ಇದ್ದಾಳೆ. ಒಂಬೈನೂರು ವರ್ಷದ ಹಿಂದೆ ನಮ್ಮದೇ ಜಿಲ್ಲೆಯಲ್ಲಿ ಉಳಿ ಹಿಡಿದವರು ಹೆಣ್ಣನ್ನು ಒಂದೇ ಅಚ್ಚಿನಲ್ಲಿ ಕೆತ್ತಲಿಲ್ಲ. ಅವಳನ್ನೂ ಮಕ್ಕಳಿಗೆ ತೋರಿಸಿ.

ಈ ಆಷಾಢದಲ್ಲಿ ನಿಮ್ಮ ಶಾಲೆಗೆ ಆರೋಗ್ಯ ಕೇಂದ್ರದವರು ಬರುವ ದಿನ ಗೊತ್ತಾದರೆ ನನಗೂ ಒಂದು ಮಾತು ತಿಳಿಸಿ. ರಜೆ ಹಾಕಿ ಬರುತ್ತೇನೆ, ಬಸ್ಸಿನ ಖರ್ಚೂ ಬೇಡ. ಕೊಠಡಿಯಲ್ಲಿ ಹುಡುಗರಿಗೂ ಜಾಗ ಮಾಡಬೇಕಾಗುತ್ತದೆ. ಬೆಂಚು ಸಾಲದಿದ್ದರೆ ನಮ್ಮ ಮನೆಯಲ್ಲಿ ಎರಡು ದೊಡ್ಡ ಜಮಖಾನ ಇವೆ, ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ